ಮೊದಲು ತೇಲೋದು ಕಲಿಯೋಣ, ಕ್ಯಾಮೆರಾ ಆಮೇಲೆ

ಕಳೆದ ಫೆಬ್ರವರಿಯಲ್ಲಿ ನಾವು ಆರು ಜನ ಮುರುಡೇಶ್ವರದಿಂದ ಬೋಟ್ ಹತ್ತಿ ನೇತ್ರಾಣಿಗೆ ಹೋಗಿದ್ದೆವು. ದ್ವೀಪದ ಹತ್ತಿರ ಸ್ನಾರ್ಕೆಲಿಂಗ್ ಮಾಡುವಾಗ ನಮ್ಮಲ್ಲೊಬ್ಬ ಹೊಸ ಫೋನನ್ನು ಪ್ಲಾಸ್ಟಿಕ್ ಪೌಚಿಗೆ ಹಾಕಿ ನೀರಿಗಿಳಿದ. "ಹಾಕ್ಕೊಳೋ ಮಗಾ, ಏನೂ ಆಗಲ್ಲ" ಅಂದವರು ನಾವೇ. ಎರಡು ಮೀಟರ್ ಆಳಕ್ಕೂ ಹೋಗಿರಲಿಲ್ಲ, ಪೌಚಿನ ಮೂಲೆಯಿಂದ ನೀರು ನುಗ್ಗಿತು. ಫೋನ್ ಸತ್ತಿತು, ಅದರೊಳಗಿದ್ದ ಪ್ರಾಜೆಕ್ಟ್ ಫೋಟೋಗಳೂ ಹೋದವು. ಏಳು ಕಂತು ಇನ್ನೂ ಬಾಕಿ ಇತ್ತು. ಅಪ್ಪನಿಗೆ ವಿಷಯ ಹೇಳೋಕೆ ಅವನಿಗೆ ಮೂರು ದಿನ ಬೇಕಾಯ್ತು.

ಆ ಮೂರು ದಿನ ನಮಗೂ ನಿದ್ದೆ ಸರಿಯಾಗಿ ಬರಲಿಲ್ಲ. ಇಂಜಿನಿಯರಿಂಗ್ ಓದುವ ನಾವು ಒಂದೇ ಒಂದು ಲೆಕ್ಕ ಹಾಕಿದ್ದರೆ ಸಾಕಿತ್ತಲ್ವಾ? ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಸುಮಾರು ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತೆ. ಮೊದಲ ಸಲ ಸ್ಕೂಬಾ ಮಾಡುವವರನ್ನು ಹೆಚ್ಚೆಂದರೆ 12 ಮೀಟರ್ ತನಕ ಕರೆದೊಯ್ಯುತ್ತಾರೆ. ಅಲ್ಲಿ 7 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದದ ಸ್ಕ್ರೀನ್ ಮೇಲೆ ನೀರು ಒತ್ತುವ ಬಲ ಸುಮಾರು 125 ಕೆ.ಜಿ. ತೂಕಕ್ಕೆ ಸಮ. ಅಂದ್ರೆ ಇಬ್ಬರು ಹುಡುಗರು ಫೋನ್ ಮೇಲೆ ನಿಂತ ಹಾಗೆ!

"ಐಪಿ68 ಇದೆಯಲ್ಲ" ಅಂತೀರಾ? ಆ 8 ಅನ್ನೋ ಅಂಕಿಗೆ ಎಷ್ಟು ಆಳ, ಎಷ್ಟು ಹೊತ್ತು ಅಂತ ನಿರ್ಧರಿಸೋದು ಕಂಪನಿಯೇ. ಪರೀಕ್ಷೆ ನಡೆಯೋದು ಸಿಹಿನೀರಿನಲ್ಲಿ, ಲ್ಯಾಬಿನಲ್ಲಿ. ಉಪ್ಪುನೀರು, ಅಲೆ, ಕೈಜಾರಿ ಒಮ್ಮೆ ಬಿದ್ದು ಸಡಿಲವಾದ ಸೀಲ್ ಯಾವುದೂ ಆ ಲೆಕ್ಕದಲ್ಲಿಲ್ಲ. ಜೊತೆಗೆ ನೀರೊಳಗೆ ಟಚ್‌ಸ್ಕ್ರೀನ್ ಮಾತು ಕೇಳಲ್ಲ. ಹಾಗಾಗಿ ಮೊದಲ ಮಾತು: ಫೋನ್ ದಡದಲ್ಲಿರಲಿ.

ಹಾಗಾದ್ರೆ ಏನು ಕೊಳ್ಳೋದು? ಡಿಎಸ್ಎಲ್ಆರ್ ಕನಸು ಸದ್ಯಕ್ಕೆ ಬಿಡೋಣ. ಅದಕ್ಕೆ ಬೇಕಾದ ಹೌಸಿಂಗ್ ಎಷ್ಟೋ ಸಲ ಕ್ಯಾಮೆರಾಗಿಂತ ದುಬಾರಿ. ನಮ್ಮಂಥವರಿಗೆ ಉಳಿಯೋದು ಎರಡು ದಾರಿ. ಒಂದು, ಆ್ಯಕ್ಷನ್ ಕ್ಯಾಮೆರಾ. ಗೋಪ್ರೋ ಹೀರೋ ಸರಣಿಯ ಇತ್ತೀಚಿನ ಹಲವು ಮಾಡೆಲ್‌ಗಳು ಹಾಗೇ 10 ಮೀಟರ್, ಅದಕ್ಕೆಂದೇ ಮಾಡಿದ ಹೌಸಿಂಗ್ ಹಾಕಿದರೆ 60 ಮೀಟರ್ ತನಕ ಹೋಗುತ್ತವೆ. ವಿಡಿಯೋಗೆ, ಆಮೆಗೆ, ಮೀನಿನ ಹಿಂಡಿಗೆ ಚೆನ್ನ. ಆದರೆ ಬೆರಳುದ್ದದ ಜೀವಿಯ ಹತ್ತಿರ ಹಿಡಿದರೆ ಮಸುಕು. ಎರಡನೆಯದು, ಒಲಿಂಪಸ್ ಟಿಜಿ-6 ಥರದ ಗಟ್ಟಿ ಕಾಂಪ್ಯಾಕ್ಟ್. ಹೌಸಿಂಗ್ ಇಲ್ಲದೆ 15 ಮೀಟರ್, ಲೆನ್ಸಿನಿಂದ 1 ಸೆಂ.ಮೀ. ದೂರದಲ್ಲೂ ಫೋಕಸ್, ರಾ ಫೈಲ್ ಕೂಡ ಸಿಗುತ್ತೆ. ಬೆಲೆ ಮಾತ್ರ ನಮ್ಮ ಜೇಬಿಗೆ ಭಾರ.

ನಮ್ಮ ಅಭಿಪ್ರಾಯ ಹೇಳಿಬಿಡ್ತೀವಿ: ಒಂದೆರಡು ವರ್ಷ ಹಳೆಯ ಸೆಕೆಂಡ್ ಹ್ಯಾಂಡ್ ಆ್ಯಕ್ಷನ್ ಕ್ಯಾಮೆರಾ, ಹೊಸ ಹೌಸಿಂಗ್, ಒಂದು ಕೆಂಪು ಫಿಲ್ಟರ್. ಇಷ್ಟೇ ಸಾಕು. ನೀರು ಮೊದಲು ನುಂಗೋದು ಕೆಂಪು ಬಣ್ಣವನ್ನು. ಐದಾರು ಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ಎಲ್ಲವೂ ನೀಲಿ-ಹಸಿರು. ಎಷ್ಟು ಮೆಗಾಪಿಕ್ಸೆಲ್ ಇದ್ದರೂ ಇಲ್ಲದ ಬೆಳಕನ್ನು ಸೆನ್ಸರ್ ಎಲ್ಲಿಂದ ತರುತ್ತೆ? ಫಿಲ್ಟರ್ ಕೂಡ ಹೊಸ ಬೆಳಕು ತರಲ್ಲ, ನೀಲಿಯನ್ನು ತಗ್ಗಿಸಿ ಬಣ್ಣ ಸರಿದೂಗಿಸುತ್ತೆ. ಅಷ್ಟಕ್ಕಿಂತ ಮುಖ್ಯ, ಹತ್ತಿರ ಹೋಗಿ ತೆಗೆಯೋದು. ಮಧ್ಯೆ ನೀರು ಕಡಿಮೆಯಾದಷ್ಟೂ ಚಿತ್ರ ಸ್ವಚ್ಛ.

ಆದರೆ ಹತ್ತಿರ ಹೋಗಬೇಕಾದ್ರೆ ತೇಲೋದು ಬರಬೇಕು. ಅಸಲಿ ವಿಷಯ ಇರೋದು ಇಲ್ಲೇ. ಉಸಿರಿನ ಹಿಡಿತವಿಲ್ಲದೆ ಕ್ಯಾಮೆರಾ ನೋಡ್ತಾ ಕಾಲು ಬಡಿದರೆ ಒಂದೇ ಏಟಿಗೆ ಹವಳ ಮುರಿಯುತ್ತೆ. ನಿಧಾನವಾಗಿ ಬೆಳೆಯುವ ಹವಳಗಳು ಹಲವು ವರ್ಷಕ್ಕೂ ಕೆಲವೇ ಸೆಂಟಿಮೀಟರ್ ಬೆಳೆಯುತ್ತವೆ. ನಮ್ಮ ಸ್ಟೇಟಸ್ ಇರೋದು 24 ಗಂಟೆ! ಹಾಗಾಗಿ ಮೊದಲ ಡೈವ್‌ಗೆ ಬರಿಗೈಲಿ ಹೋಗಿ. ಫೋಟೋ ತೆಗೆಯೋದನ್ನು ಜೊತೆಗೆ ಬರುವ ಡೈವರ್‌ಗಳಿಗೇ ಬಿಡಿ. ಹಣ ಉಳಿದಿದ್ದರೆ ಮೊದಲು ತರಬೇತಿಗೆ ಹಾಕಿ.

"ಸ್ವಂತದ್ದು ಇದ್ರೇನೇ ಮಜಾ" ಅನ್ನುವವರಿದ್ದಾರೆ. ಒಪ್ಪೋಣ. ಆದರೆ ವರ್ಷಕ್ಕೊಮ್ಮೆ ನೀರಿಗಿಳಿಯುವವರು ಆರು ಕ್ಯಾಮೆರಾ ಯಾಕೆ ಕೊಳ್ಳಬೇಕು? ಹತ್ತು ಜನ ಸೇರಿ ಒಂದು ಕೊಂಡರೆ ಯಾರ ಅಪ್ಪನ ಮೇಲೂ ಕಂತಿನ ಹೊರೆ ಬೀಳಲ್ಲ. ನಿಯಮ ಮೂರೇ ಇರಲಿ. ಹೊರಡುವ ಮುನ್ನ ಖಾಲಿ ಹೌಸಿಂಗ್‌ನೊಳಗೆ ಟಿಶ್ಯೂ ಪೇಪರ್ ಇಟ್ಟು ಅರ್ಧ ಗಂಟೆ ಬಕೆಟ್‌ನಲ್ಲಿ ಮುಳುಗಿಸಿಡಿ. ಪೇಪರ್ ಒದ್ದೆಯಾದರೆ ಕ್ಯಾಮೆರಾ ಹಾಕಲೇಬೇಡಿ. ಓ-ರಿಂಗ್ ಮೇಲೆ ಒಂದು ಕೂದಲೂ ಇರದಂತೆ ಒರೆಸಿ. ಬಂದ ಮೇಲೆ ಸಿಹಿನೀರಲ್ಲಿ ನೆನೆಸಿ ಉಪ್ಪು ತೆಗೆಯಿರಿ.

ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಅಂತಾರೆ. ನಾವು ಹೇಳೋದು, ಇಳಿಯೋಕೆ ಮುಂಚೆ ಸ್ವಲ್ಪ ಲೆಕ್ಕ ಹಾಕೋಣ ಅಂತ. ಉಳಿದ ಏಳು ಕಂತನ್ನು ನಾವು ಆರೂ ಜನ ಹಂಚಿಕೊಂಡು ಕಟ್ಟುತ್ತಿದ್ದೇವೆ, ಇನ್ನು ಎರಡು ಬಾಕಿ. ಅದು ಮುಗಿದ ತಿಂಗಳಿಂದ ಕ್ಯಾಮೆರಾ ಡಬ್ಬಿಗೆ ಕಾಸು ಹಾಕ್ತೀವಿ. ಸೇರಿಕೊಳ್ಳೋರು ಯಾರಿದ್ದೀರಿ?