ಮಂದ್ರದ ಪೆಟ್ಟಿಗೆಗೆ ಅಳತೆ ಬೇಕು

ದಾವಣಗೆರೆ, ಹರಿಹರಗಳಲ್ಲಿ ಸ್ಪೀಕರನ್ನು ಅಂಗಡಿಯಿಂದ ತಂದು, ಪ್ಲೈವುಡ್ಡನ್ನು ಬಡಗಿಯಿಂದ ಕೊಯ್ಯಿಸಿ, ಸಬ್‌ವೂಫರ್ ಪೆಟ್ಟಿಗೆಯನ್ನು ತಾವೇ ಕಟ್ಟಿಕೊಳ್ಳುವ ತರುಣರು ಅನೇಕರುಂಟು. ಹಿರಿಯರು ಇದನ್ನು ಬರಿಯ ಗದ್ದಲದ ಹುಚ್ಚೆಂದು ಹಳಿಯುತ್ತಾರೆ. ನನ್ನ ಅಭಿಪ್ರಾಯ ಬೇರೆ. ಇದು ಭೌತಶಾಸ್ತ್ರದ ಒಳ್ಳೆಯ ಪಾಠ. ಆದರೆ ಅಳತೆಯಿಲ್ಲದೆ ಕಟ್ಟಿದರೆ ಪಾಠವೂ ದಕ್ಕದು, ನಾದವೂ ದಕ್ಕದು.

ಪೆಟ್ಟಿಗೆ ಏತಕ್ಕೆ ಬೇಕು? ಸ್ಪೀಕರಿನ ಶಂಕು ಮುಂದಕ್ಕೆ ಸರಿದಾಗ ಎದುರಿನ ಗಾಳಿ ಒತ್ತಲ್ಪಡುತ್ತದೆ. ಅದೇ ಕ್ಷಣದಲ್ಲಿ ಹಿಂದಿನ ಗಾಳಿ ವಿರಳವಾಗುತ್ತದೆ. ಸೆಕೆಂಡಿಗೆ ೪೦ ಕಂಪನಗಳುಳ್ಳ ಮಂದ್ರನಾದದ ತರಂಗದ ಉದ್ದ ಸುಮಾರು ಎಂಟೂವರೆ ಮೀಟರು. ಇಷ್ಟು ದೀರ್ಘವಾದ ತರಂಗವು ಒಂದು ಅಡಿಯ ಸ್ಪೀಕರಿನ ಅಂಚನ್ನು ಸುಲಭವಾಗಿ ಬಳಸಿ ಬರುವುದರಿಂದ, ಬಯಲಲ್ಲಿಟ್ಟ ಸ್ಪೀಕರಿನಲ್ಲಿ ಹಿಂದಿನ ನಾದ ಮುಂದಿನ ನಾದವನ್ನು ಅಳಿಸಿಬಿಡುತ್ತದೆ. ಪೆಟ್ಟಿಗೆ ಇವೆರಡನ್ನೂ ಬೇರ್ಪಡಿಸುತ್ತದೆ. ಅದಕ್ಕೊಂದು ಕೊಳವೆಯನ್ನು ಜೋಡಿಸಿದರೆ ಹಿಂದಿನ ನಾದವೂ ಉಪಯೋಗಕ್ಕೆ ಬರುತ್ತದೆ. ಕೊಡದ ಬಾಯಿಗೆ ಊದಿದಾಗ ಹೊರಡುವ ಗಂಭೀರ ಧ್ವನಿಯೂ ಈ ತತ್ತ್ವದ್ದೇ. ಬೆಲ್ ಪ್ರಯೋಗಾಲಯದ ಆಲ್ಬರ್ಟ್ ಥುರಾಸ್ ಇದಕ್ಕೆ ೧೯೩೨ರಲ್ಲಿ ಪೇಟೆಂಟ್ ಪಡೆದನು. ಆಸ್ಟ್ರೇಲಿಯಾದ ನೆವಿಲ್ ಥೀಲ್ ೧೯೬೧ರಲ್ಲಿ ಇದರ ಲೆಕ್ಕಾಚಾರವನ್ನು ವ್ಯವಸ್ಥಿತಗೊಳಿಸಿದನು.

ನಮ್ಮವರು ಎಡವುವುದು ಈ ಲೆಕ್ಕದಲ್ಲಿಯೇ. ಪ್ರತಿ ಬದಿಯೂ ಹೊರಗಿನಿಂದ ೪೫ ಸೆಂಟಿಮೀಟರಿರುವ ಘನಾಕೃತಿಯ ಪೆಟ್ಟಿಗೆಯ ಗಾತ್ರ ೯೧ ಲೀಟರೆಂದು ತೋರುತ್ತದೆ. ಹಲಗೆ ೧೮ ಮಿಲಿಮೀಟರ್ ದಪ್ಪವಿದ್ದರೆ ಒಳಗೆ ಉಳಿಯುವುದು ೭೧ ಲೀಟರು ಮಾತ್ರ. ೯೧ ಲೀಟರಿಗೆಂದು ೪೦ ಹರ್ಟ್ಸಿಗೆ ಶ್ರುತಿಗೂಡಿಸಿದ ಕೊಳವೆ ಇಲ್ಲಿ ೪೫ ಹರ್ಟ್ಸಿನಲ್ಲಿ ನುಡಿಯುತ್ತದೆ. ಷಡ್ಜವೆಂದು ಹಿಡಿದದ್ದು ರಿಷಭವಾದಂತಾಯಿತು! ಶ್ರುತಿಗಿಂತ ಕೆಳಗಿನ ನಾದ ಬಂದಾಗ ಪೆಟ್ಟಿಗೆಯ ಗಾಳಿ ಶಂಕುವನ್ನು ಹಿಡಿದು ನಿಲ್ಲಿಸಲಾರದು. ಅದು ಮಿತಿಮೀರಿ ಓಲಾಡಿ, ಸುರುಳಿ ಕೆಡುತ್ತದೆ. ನಾದ ಸಾಲದೆಂದು ಆಂಪ್ಲಿಫೈಯರಿನ ಶಕ್ತಿಯನ್ನು ಇಮ್ಮಡಿಸಿದರೂ ದೊರೆಯುವುದು ೩ ಡೆಸಿಬೆಲ್ ಅಷ್ಟೆ.

ನೆರೆಯವರ ಮಾತೂ ಉಂಟು. ಗೋಡೆಯು ತಾರನಾದವನ್ನು ಬಹುಮಟ್ಟಿಗೆ ತಡೆಯುತ್ತದೆ, ಮಂದ್ರವನ್ನು ಬಿಟ್ಟುಕೊಡುತ್ತದೆ. ೨೦೦೦ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದ ಮಿತಿ ಹಗಲಿನಲ್ಲಿ ೫೫, ರಾತ್ರಿಯಲ್ಲಿ ೪೫ ಡೆಸಿಬೆಲ್. ಆದರೆ ಇದು ‘ಎ’ ಎಂಬ ಮಾಪನಕ್ರಮದ ಲೆಕ್ಕ. ಕಿವಿಯ ಸ್ವಭಾವವನ್ನು ಅನುಸರಿಸಿ, ೪೦ ಹರ್ಟ್ಸಿನ ನಾದದಲ್ಲಿ ಆ ಕ್ರಮವು ಸುಮಾರು ೩೫ ಡೆಸಿಬೆಲ್‌ಗಳನ್ನು ಕಳೆದುಬಿಡುತ್ತದೆ. ಮಾಪಕ ಸುಮ್ಮನಿದ್ದರೂ ಪಕ್ಕದ ಮನೆಯ ಕಿಟಕಿ ಅದುರಬಹುದು, ತೊಟ್ಟಿಲ ಕೂಸು ಎಚ್ಚರಗೊಳ್ಳಬಹುದು. ಆದುದರಿಂದ ನಿಯಮ ಪಾಲಿಸಿದೆನೆಂದು ಸಮಾಧಾನಪಡುವುದು ಸಾಲದು; ಕಟ್ಟಿದವನೇ ತಗ್ಗಿಸಲೂ ಬಲ್ಲವನಾಗಿರಬೇಕು.

ಇದಕ್ಕೆ ನಮ್ಮ ಕಾಲೇಜುಗಳು ನೆರವಾಗಬೇಕು. ಅನುನಾದ ನಳಿಕೆಯ ಪ್ರಯೋಗವನ್ನು ಮಾಡಿ ಮರೆಯುವ ವಿದ್ಯಾರ್ಥಿಗೆ ಒಂದು ಪೆಟ್ಟಿಗೆಯನ್ನು ಕಟ್ಟಲು ಕೊಡಿರಿ. ಮೊಬೈಲಿನಿಂದ ಒಂದೊಂದೇ ಆವೃತ್ತಿಯನ್ನು ನುಡಿಸಿ, ಶಂಕುವಿನ ಮೇಲೆ ಕಣ್ಣಿಡಲಿ. ಸರಿಯಾದ ಶ್ರುತಿಯಲ್ಲಿ ಶಂಕು ಬಹುತೇಕ ನಿಶ್ಚಲವಾಗುತ್ತದೆ. ಕೊಳವೆಯ ಬಾಯಲ್ಲಿ ಹಿಡಿದ ಕಾಗದದ ಚೂರು ಮಾತ್ರ ಬಲವಾಗಿ ಅದುರುತ್ತದೆ. ಲೆಕ್ಕವೂ ಕಣ್ಣೂ ಒಪ್ಪುವ ಈ ಗಳಿಗೆಗೆ ಸಮನಾದ ಪಾಠ ಬೇರೊಂದಿಲ್ಲ.

೧೯೪೧ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೇಶಕ್ಕೆ ಲೇತ್ ಯಂತ್ರಗಳನ್ನು ಒದಗಿಸಿತು. ಇಂದು ಆ ಕಾರ್ಖಾನೆ ಇಲ್ಲ. ಮಿಲಿಮೀಟರಿನ ಸಣ್ಣ ಭಾಗವನ್ನೂ ಕಡೆಗಣಿಸದಿದ್ದ ಆ ಊರಿನ ಕೈಗಳಿಗೆ ಹಲಗೆಯ ದಪ್ಪವನ್ನು ಕಳೆದು ಲೆಕ್ಕ ಹಾಕುವುದು ಭಾರವೇ?