ಓದುವುದಕ್ಕೂ ದೇಹ ಬೇಕು



“ಪರೀಕ್ಷೆ ಮುಗಿಯಲಿ ಮೇಷ್ಟ್ರೇ, ಆಮೇಲೆ ಆರೋಗ್ಯ ನೋಡಿಕೊಂಡರಾಯಿತು” ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಧಾರವಾಡದಲ್ಲಿಯೂ ಬೆಂಗಳೂರಿನ ವಿಜಯನಗರದಲ್ಲಿಯೂ ಕೊಠಡಿ ಹಿಡಿದು ನಾಗರಿಕ ಸೇವಾ ಪರೀಕ್ಷೆಗೆ ಓದುವ ಎಷ್ಟೋ ಮಕ್ಕಳು ನಿದ್ದೆಗೆಡುವುದನ್ನೇ ತಪಸ್ಸೆಂದು ಭಾವಿಸಿದ್ದಾರೆ. ಅದು ತಪಸ್ಸಲ್ಲ, ಅವಿವೇಕ. ಓದಿದ್ದು ನೆನಪಿನಲ್ಲಿ ನೆಲೆಗೊಳ್ಳಲು ನಿದ್ರೆ ಬೇಕು. ನಿದ್ರೆಗೆಟ್ಟು ಓದುವವನು ಸೋರುವ ಕೊಡಕ್ಕೆ ನೀರು ತುಂಬುತ್ತಾನೆ.

ಮುಖ್ಯ ಪರೀಕ್ಷೆಯಲ್ಲಿ 9 ಪತ್ರಿಕೆಗಳು, ಒಂದೊಂದಕ್ಕೆ 3 ಗಂಟೆ. ಒಟ್ಟು 27 ಗಂಟೆ ಕೈಯಿಂದ ಬರೆಯಬೇಕು. ಬೆನ್ನು, ಕುತ್ತಿಗೆ, ಮಣಿಕಟ್ಟು ಸೋತರೆ ಜ್ಞಾನವೇನು ಮಾಡೀತು? ಭಾರತೀಯ ಅರಣ್ಯ ಸೇವೆಗಂತೂ 4 ಗಂಟೆಗಳಲ್ಲಿ ಪುರುಷರು 25, ಮಹಿಳೆಯರು 14 ಕಿಲೋಮೀಟರ್ ನಡೆದು ತೋರಿಸಬೇಕು. ಸರ್ಕಾರವೇ ದೇಹವನ್ನು ಪರೀಕ್ಷಿಸುವಾಗ ನೀವೇಕೆ ಅದನ್ನು ಪಠ್ಯದಿಂದ ಹೊರಗಿಡುತ್ತೀರಿ?

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಂದ ಕೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, ಬಿರುಸು ನಡಿಗೆಯಂಥ ಚಟುವಟಿಕೆ. ದಿನಕ್ಕೆ 22 ನಿಮಿಷವೂ ಆಗದು! ಅಷ್ಟಕ್ಕೂ ಬಿಡುವಿಲ್ಲವೆನ್ನುವವರು ಮೊಬೈಲಿಗೆ ಕೊಡುವ ಹೊತ್ತನ್ನು ಲೆಕ್ಕ ಹಾಕಲಿ.

ತಂದೆತಾಯಂದಿರೇ, “ಎಷ್ಟು ಓದಿದೆ?” ಎನ್ನುವ ಮೊದಲು “ಊಟವಾಯಿತೇ, ನಿದ್ದೆ ಬಂತೇ?” ಎಂದು ಕೇಳಿ. ಹುದ್ದೆ ಸಿಕ್ಕರೂ ಸಿಗದಿದ್ದರೂ ಬಾಳಬೇಕಾದದ್ದು ಈ ದೇಹದಲ್ಲಿಯೇ.