ಪ್ರಶ್ನೆ ಅಕ್ಕನಿಗೆ ಮಾತ್ರ ಯಾಕೆ?



ಹೋದ ತಿಂಗಳು ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ನಾವು ಯುವಜನರು ದೇವಾಲಯದ ಹಿಂದಿನ ಬೇವಿನ ಮರದ ಕೆಳಗೆ ಕೂತಿದ್ದೆವು. ನಮ್ಮ ಧರ್ಮಕೇಂದ್ರದ ಒಬ್ಬ ಅಕ್ಕ ಬಂದು, "ನಾನು ಸರ್ಪಂಚ್ ಎಲೆಕ್ಷನ್‌ಗೆ ನಿಲ್ಲಬೇಕು ಅಂತಿದ್ದೀನಿ, ನಿಮ್ಮ ಸಹಾಯ ಬೇಕು" ಅಂದರು. ನಾವು ಚಪ್ಪಾಳೆ ತಟ್ಟಿದೆವು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ, ಸೆಟ್ಟೂರಿನ ಕಡೆಯವರಿಗೆ ಹೇಳದೆಯೂ ಗೊತ್ತಾಗುತ್ತದೆ. ಡ್ವಾಕ್ರಾ ಸಂಘದ ಲೆಕ್ಕವನ್ನು ಹಲವು ವರ್ಷದಿಂದ ಒಂದು ರೂಪಾಯಿ ತಪ್ಪಿಲ್ಲದೆ ಬರೆಯುತ್ತಿರುವವರು. ಬೋರ್‌ವೆಲ್ ಮೋಟರ್ ಸುಟ್ಟಾಗ ಮಂಡಲ ಆಫೀಸಿಗೆ ಹೋಗಿ ಕೂತು ಕೆಲಸ ಮಾಡಿಸಿಕೊಂಡು ಬಂದವರು. ನಮ್ಮ ಕಡೆ ಗ್ರಾಮ ಪಂಚಾಯತಿ ಚುನಾವಣೆಗೆ ಪಕ್ಷದ ಗುರುತು ಇರುವುದಿಲ್ಲ, ಆಳನ್ನು ನೋಡಿ ಓಟು ಹಾಕಬೇಕು. 2021ರ ಫೆಬ್ರವರಿಯಲ್ಲಿ ಹಾಗೇ ಹಾಕಿದ್ದೆವು. ಈ ಲೆಕ್ಕದಲ್ಲಿ ಅಕ್ಕನಿಗಿಂತ ಒಳ್ಳೆಯ ಆಳು ಬೇಕೇ ಎಂದುಕೊಂಡೆವು.

ಸುದ್ದಿ ಅರಳಿಕಟ್ಟೆಗೆ ಹೋಗಲು ಒಂದು ದಿನವೂ ಬೇಕಾಗಲಿಲ್ಲ. ಮೊದಲ ಪ್ರಶ್ನೆ: "ಏನಮ್ಮಾ, ಗೆದ್ದರೆ ಊರ ತೇರಿಗೆ ನಿಂತ್ಕೊಂತೀಯಾ?" ಎರಡನೆಯದು: "ನಿಮ್ ಫಾದರ್ ಹೇಳ್ದಂಗೆ ತಾನೇ ನೀವು ಓಟು ಹಾಕೋದು?" ಮೂರನೆಯದನ್ನು ನಗುತ್ತಾ ಕೇಳಿದರು, ಆದರೆ ಅದೇ ಎಲ್ಲಕ್ಕಿಂತ ಚೂಪಾಗಿತ್ತು: "ದುಡ್ಡು ಯಾವ ದೇಶದಿಂದ ಬರ್ತೈತೆ?"

ಎದುರಿಗೆ ನಿಲ್ಲುವವರ ಮನೆಯ ಹೆಂಗಸರಿಗೆ ಈ ಮೂರರಲ್ಲಿ ಒಂದು ಪ್ರಶ್ನೆಯನ್ನೂ ಯಾರೂ ಕೇಳಲಿಲ್ಲ. ಅವರು ನಮ್ಮ ಕ್ರಿಸ್ಮಸ್‌ಗೆ ಬರುತ್ತಾರೋ ಇಲ್ಲವೋ ಎಂದು ವಿಚಾರಿಸಿದವರಿಲ್ಲ. ಅವರ ಓಟು ಯಾರು ಹೇಳಿದಂತೆ ಬೀಳುತ್ತದೆ ಎಂಬುದು ಇಡೀ ಊರಿಗೆ ಗೊತ್ತು, ಅದಕ್ಕೆ "ಮರ್ಯಾದೆ" ಎಂದು ಹೆಸರು. ನಾವು ಮಾಡಿದರೆ ಮಾತ್ರ ಅದು "ಫಾದರ್ ಹೇಳ್ದಂಗೆ".

ಇದು ನಮ್ಮೂರಿನ ಹೊಸ ಕಾಯಿಲೆ ಅಲ್ಲ. ಹಿರಿಯರನ್ನು ಕೇಳಿ, 1999ರ ಬಳ್ಳಾರಿ ಅವರಿಗೆ ನೆನಪಿದೆ. 1882ರವರೆಗೆ ನಮ್ಮ ಅನಂತಪುರವೂ ಬಳ್ಳಾರಿ ಜಿಲ್ಲೆಯೊಳಗೇ ಇತ್ತು, ಇವತ್ತಿಗೂ ಹೆಣ್ಣು ಕೊಡುವುದು ತರುವುದು ನಡೆದೇ ಇದೆ. ಆ ಲೋಕಸಭಾ ಚುನಾವಣೆಗೆ ಸೋನಿಯಾ ಗಾಂಧಿ ಬಂದರು, ಎದುರಿಗೆ ಸುಷ್ಮಾ ಸ್ವರಾಜ್ ಬಂದರು. ಒಬ್ಬರು ಇಟಲಿಯಲ್ಲಿ ಹುಟ್ಟಿದವರು, ಇನ್ನೊಬ್ಬರು ಹರಿಯಾಣದ ಅಂಬಾಲದವರು. ಬಳ್ಳಾರಿಯ ಮಣ್ಣಿಗೆ ಇಬ್ಬರೂ ಹೊರಗಿನವರೇ. ಸುಷ್ಮಾ ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಭಾಷಣ ಮಾಡಿದರು, ಅದು ದೊಡ್ಡ ಮಾತೇ, ನಾವು ಮೆಚ್ಚುತ್ತೇವೆ. ಆದರೆ ಇಡೀ ಪ್ರಚಾರವನ್ನು ನಿಲ್ಲಿಸಿದ್ದು ಯಾವುದರ ಮೇಲೆ? ಸ್ವದೇಶಿ ಮಗಳು, ವಿದೇಶಿ ಸೊಸೆ ಎಂಬುದರ ಮೇಲೆ. 1968ರಲ್ಲಿ ಈ ದೇಶಕ್ಕೆ ಮದುವೆಯಾಗಿ ಬಂದು, 1983ರಲ್ಲಿ ಪೌರತ್ವ ಪಡೆದು, ಇಲ್ಲೇ ಅತ್ತೆಯನ್ನೂ ಗಂಡನನ್ನೂ ಕಳೆದುಕೊಂಡ ಹೆಂಗಸನ್ನು ಬಣ್ಣ, ಉಚ್ಚಾರ, ಹುಟ್ಟಿದ ಊರು ನೋಡಿ ಅಳೆದರು.

ಬಳ್ಳಾರಿಯ ಜನ ಅವರನ್ನು 56,100 ಓಟುಗಳಿಂದ ಗೆಲ್ಲಿಸಿದರು. ಆಮೇಲೆ ಸೋನಿಯಾ ಅಮೇಥಿಯನ್ನು ಇಟ್ಟುಕೊಂಡು ಬಳ್ಳಾರಿಯನ್ನು ಬಿಟ್ಟುಕೊಟ್ಟರು. ಕೇಳಬೇಕಾದ ಪ್ರಶ್ನೆ ಅದಾಗಿತ್ತು: "ಗೆದ್ದರೆ ನಮ್ಮ ಜೊತೆ ಇರುತ್ತೀರಾ, ಬಿಟ್ಟು ಹೋಗುತ್ತೀರಾ?" ಇಟಲಿಯ ಮಾತಿನ ಗದ್ದಲದಲ್ಲಿ ಆ ನ್ಯಾಯವಾದ ಪ್ರಶ್ನೆ ಸತ್ತೇಹೋಯಿತು. ಪೂರ್ವಗ್ರಹದಿಂದ ಅಭ್ಯರ್ಥಿಗೆ ಮಾತ್ರ ಅನ್ಯಾಯ ಆಗುತ್ತದೆ ಎಂದುಕೊಳ್ಳಬೇಡಿ. ಮೋಸ ಹೋಗುವವನು ಮತದಾರನೂ ಹೌದು.

ಈಗ 2022ರ ಅಕ್ಟೋಬರ್‌ಗೆ ಬನ್ನಿ. ರಿಷಿ ಸುನಕ್ ಇಂಗ್ಲೆಂಡಿನ ಪ್ರಧಾನಿಯಾದರು. ಹುಟ್ಟಿದ್ದು ಅಲ್ಲಿಯ ಸೌತಾಂಪ್ಟನ್‌ನಲ್ಲಿ. ಮದುವೆಯಾದದ್ದು ಇನ್ಫೋಸಿಸ್ ನಾರಾಯಣಮೂರ್ತಿಯವರ ಮಗಳನ್ನು. ಕನ್ನಡದ ಟಿವಿ ಚಾನೆಲ್‌ಗಳಿಗೆ ಎರಡು ದಿನ ಬೇರೆ ಸುದ್ದಿಯೇ ಇರಲಿಲ್ಲ: "ಬೆಂಗಳೂರಿನ ಅಳಿಯ!" ಅವರು ಭಗವದ್ಗೀತೆಯ ಮೇಲೆ ಕೈಯಿಟ್ಟು ಸಂಸದರಾಗಿ ಪ್ರಮಾಣ ಮಾಡಿದ್ದನ್ನು, ಮನೆಯ ಬಾಗಿಲಲ್ಲಿ ದೀಪಾವಳಿಯ ಹಣತೆ ಹಚ್ಚಿದ್ದನ್ನು ಮತ್ತೆ ಮತ್ತೆ ತೋರಿಸಿದರು. ನಮಗೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅದೇ ಕಣ್ಣಿನಿಂದ ಇಲ್ಲಿ ನೋಡಿ. ನಮ್ಮ ಅಕ್ಕ ಗೆದ್ದು, ಮನೆಯ ಮುಂದೆ ಡಿಸೆಂಬರ್‌ನಲ್ಲಿ ಒಂದು ನಕ್ಷತ್ರ ಕಟ್ಟಿದರೆ "ಸರ್ಪಂಚ್ ಮತಾಂತರ ಶುರು ಮಾಡಿದಳು" ಎನ್ನುವವರು ಸುನಕ್‌ರ ಹಣತೆಗೆ ಯಾಕೆ ಕಣ್ಣು ತುಂಬಿಕೊಂಡರು? ಅಳಿಯ ಅಲ್ಲಿ ಹೋಗಿ ಆಳಬಹುದು, ಸೊಸೆ ಇಲ್ಲಿ ಬಂದು ಓಟು ಕೇಳಬಾರದು. ಇದಕ್ಕೆ ನಮ್ಮ ಅಜ್ಜಿಯರು "ಕೊಡೋಕೊಂದು ಕೊಳಗ, ತಗಳಕೊಂದು ಕೊಳಗ" ಅಂತಾರೆ.

ಅಲ್ಲಿಯೂ ಎಲ್ಲ ಸರಿಯಿದೆ ಎಂದಲ್ಲ. ಅಮೆರಿಕದಲ್ಲಿ ಒಬಾಮ ಅಧ್ಯಕ್ಷರಾಗಿ ಎರಡು ವರ್ಷ ದಾಟಿದ ಮೇಲೂ, 2011ರಲ್ಲಿ, ತಮ್ಮ ಪೂರ್ತಿ ಜನನ ಪತ್ರವನ್ನು ಜಗತ್ತಿಗೆ ತೋರಿಸಬೇಕಾಯಿತು. 1960ರಲ್ಲಿ ನಮ್ಮದೇ ಕಥೋಲಿಕ ಧರ್ಮಸಭೆಯ ಕೆನಡಿಯವರು ಹ್ಯೂಸ್ಟನ್‌ನಲ್ಲಿ ಪ್ರೊಟೆಸ್ಟೆಂಟ್ ಬೋಧಕರ ಮುಂದೆ ನಿಂತು, ತಾನು ಪೋಪರ ಮಾತಿನಂತೆ ದೇಶ ಆಳುವವನಲ್ಲ ಎಂದು ವಿವರಿಸಬೇಕಾಯಿತು. "ಫಾದರ್ ಹೇಳ್ದಂಗೆ ತಾನೇ" ಎಂಬ ಅರಳಿಕಟ್ಟೆಯ ಪ್ರಶ್ನೆ ಅಷ್ಟು ದೂರ ತಿರುಗಿ ಬಂದಿದೆ ನೋಡಿ!

ನಮ್ಮ ರಾಜ್ಯದಲ್ಲೂ ವೈ.ಎಸ್. ರಾಜಶೇಖರ ರೆಡ್ಡಿಯವರು 2004ರಲ್ಲಿ ಮುಖ್ಯಮಂತ್ರಿಯಾದರು. ಅವರ ಆಡಳಿತ ಒಳ್ಳೆಯದೋ ಕೆಟ್ಟದ್ದೋ, ಅದು ಬೇರೆ ಲೆಕ್ಕ, ನಾವು ಯಾವ ಪಕ್ಷದ ಪರವೂ ಬರೆಯುತ್ತಿಲ್ಲ. ಆದರೆ ತಿರುಮಲದಲ್ಲಿ ಬೇರೆ ಧರ್ಮದ ಪ್ರಚಾರ ಮಾಡಬಾರದೆಂದು 2007ರಲ್ಲಿ ಕಾನೂನು ತಂದದ್ದು ಅವರದೇ ಸರ್ಕಾರ. ಇಷ್ಟಾದರೂ ಅನುಮಾನದ ಮಾತು ಅವರ ಬೆನ್ನು ಬಿಡಲಿಲ್ಲ. ರಸ್ತೆ ಹಾಳಾದರೆ ಬೇರೆಯವರನ್ನು ಕೆಟ್ಟ ಮುಖ್ಯಮಂತ್ರಿ ಎನ್ನುತ್ತಾರೆ. ಅಲ್ಪಸಂಖ್ಯಾತರಲ್ಲಿ ಒಬ್ಬ ತಪ್ಪು ಮಾಡಿದರೆ "ಅವರೇ ಹಾಗೆ" ಎನ್ನುತ್ತಾರೆ. ಒಬ್ಬನ ತಪ್ಪಿಗೆ ಊರ ಕೊನೆಯ ಮಗು ಕೂಡ ಜವಾಬು ಕೊಡಬೇಕು.

ಇನ್ನು ಸಿದ್ದಿಗಳ ವಿಷಯ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಾಡುಗಳಲ್ಲಿ ಇರುವ ಇವರ ಪೂರ್ವಜರು ಆಫ್ರಿಕಾದವರು, ಬಹಳ ಜನ ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಬಂದವರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ನಮ್ಮ ಕಥೋಲಿಕರೂ ಇದ್ದಾರೆ. ಎಷ್ಟೋ ತಲೆಮಾರುಗಳಿಂದ ಇಲ್ಲೇ ಹುಟ್ಟಿ, ಕನ್ನಡ, ಕೊಂಕಣಿ ಮಾತಾಡುವವರನ್ನು ಬಸ್ಸಿನಲ್ಲಿ ಇವತ್ತಿಗೂ "ಯಾವ ದೇಶ?" ಎಂದು ಕೇಳುತ್ತಾರೆ. 1980ರ ದಶಕದಲ್ಲಿ ಸರ್ಕಾರದ ಕಣ್ಣು ಅವರ ಮೇಲೆ ಬಿದ್ದದ್ದು ಯಾಕೆ? ಓಡುತ್ತಾರೆ, ಪದಕ ತರುತ್ತಾರೆ ಎಂದು. ಕಾಲಿಗೆ ಬೆಲೆ ಬಂತು, ತಲೆಗೆ ಬರಲಿಲ್ಲ. ಕರ್ನಾಟಕದ ವಿಧಾನ ಪರಿಷತ್ತಿನಲ್ಲಿ ಮೊದಲ ಸಿದ್ದಿ, ಶಾಂತಾರಾಮ ಸಿದ್ದಿ, ಕೂತದ್ದು 2020ರಲ್ಲಿ. ಅದೂ ನಾಮನಿರ್ದೇಶನದಿಂದ.

ಆದರೂ ಸಿದ್ದಿಗಳ ವಿಷಯದಲ್ಲಿ ಕಾನೂನು ಒಂದು ನ್ಯಾಯ ಮಾಡಿದೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದಾಗ ಯಾವ ದೇವರಿಗೆ ಕೈ ಮುಗಿಯುತ್ತೀರಿ ಎಂದು ಕೇಳಲಿಲ್ಲ, ಪಂಗಡಕ್ಕೆ ಧರ್ಮದ ಷರತ್ತಿಲ್ಲ. ಜಾತಿಗೆ ಇದೆ. 1950ರ ಆಗಸ್ಟ್ 10ರ ರಾಷ್ಟ್ರಪತಿಗಳ ಆದೇಶದ ಮೂರನೆಯ ಪ್ಯಾರಾ ಹಿಂದೂಗಳಿಗೆ ಮಾತ್ರ ಪರಿಶಿಷ್ಟ ಜಾತಿಯ ಸ್ಥಾನ ಎಂದಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರೂ ಮುಸ್ಲಿಮರೂ ಇನ್ನೂ ಹೊರಗೇ. ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಈ ಪ್ಯಾರಾ ತೆಗೆಯಿರಿ ಎಂದಿತು, ನಮ್ಮ ವಿಧಾನಸಭೆ 2023ರಲ್ಲಿ ನಿರ್ಣಯ ಮಾಡಿ ದೆಹಲಿಗೆ ಕಳಿಸಿತು. ಪ್ರತಿ ಆಗಸ್ಟ್ 10ಕ್ಕೆ ದೇವಾಲಯದಲ್ಲಿ ಕಪ್ಪು ಪಟ್ಟಿ ಯಾಕೆ ಎಂದು ಕೇಳುವ ತಮ್ಮ ತಂಗಿಯರೇ, ಇದಕ್ಕೇ.

ಅಕ್ಕನ ಮನೆಗೆ ಇದು ಹೇಗೆ ತಟ್ಟುತ್ತದೆ ಗೊತ್ತೇ? ಅಕ್ಕ, ಅವರ ದೊಡ್ಡಪ್ಪನ ಮಗಳು, ಇಬ್ಬರೂ ಒಂದೇ ಅಜ್ಜಿಯ ಮೊಮ್ಮಕ್ಕಳು. ಒಂದೇ ಕಾಲೊನಿ, ಗೋಡೆಗೆ ಗೋಡೆ ಅಂಟಿದ ಮನೆ. ಹೋಟೆಲಲ್ಲಿ ಇಬ್ಬರ ಅಪ್ಪಂದಿರಿಗೂ ಬೇರೆ ಲೋಟ ಇಟ್ಟಿದ್ದರು, ಆಗ ಯಾರೂ ಜ್ಞಾನಸ್ನಾನದ ಸರ್ಟಿಫಿಕೇಟ್ ಕೇಳಿರಲಿಲ್ಲ. ಈಗ ದೊಡ್ಡಪ್ಪನ ಮಗಳು ಎಸ್.ಸಿ. ಅಕ್ಕ ಬಿ.ಸಿ. 'ಸಿ' ಗುಂಪು, ಆ ಗುಂಪಿಗೆ ಇರುವ ಮೀಸಲಾತಿ ಶೇ. 1. ಅಕ್ಕ ಎಸ್.ಸಿ. ಸೀಟಿಗೆ ನಿಂತರೆ "ನೀವು ಕ್ರಿಶ್ಚಿಯನ್ನರು, ಇದು ನಿಮ್ಮದಲ್ಲ". ಸರಿ, ಜನರಲ್ ಮಹಿಳಾ ಸೀಟಿಗೆ ನಿಲ್ಲುತ್ತೇನೆ ಎಂದರೆ "ಕಾಲೊನಿಯವರಿಗೆ ಜನರಲ್ ಸೀಟು ಯಾಕಮ್ಮಾ?" ಅಲ್ಲಿ ಕ್ರೈಸ್ತಳೆಂದು ಬಾಗಿಲು ಹಾಕುತ್ತಾರೆ, ಇಲ್ಲಿ ದಲಿತಳೆಂದು ಹಾಕುತ್ತಾರೆ. 2025ರಲ್ಲಿ ನಮ್ಮ ಹೈಕೋರ್ಟ್ ಕೂಡ, ಜಾತಿ ನಿಂದನೆಯ ದೂರು ಕೊಟ್ಟ ಒಬ್ಬ ಪಾಸ್ಟರ್‌ಗೆ, ಕ್ರೈಸ್ತರಾದ ಮೇಲೆ ಆ ಕಾಯ್ದೆಯ ರಕ್ಷಣೆ ಸಿಗುವುದಿಲ್ಲ ಎಂದಿತು. ಬೈದವನ ಬಾಯಲ್ಲಿ ಜಾತಿ ಉಳಿದುಕೊಳ್ಳುತ್ತದೆ, ಬೈಸಿಕೊಂಡವನ ಕಾಗದದಲ್ಲಿ ಮಾತ್ರ ಅಳಿಸಿಹೋಗುತ್ತದೆ.

ಇಲ್ಲಿಯವರೆಗೆ ಓದಿ ತಲೆಯಾಡಿಸಿದವರು ಇನ್ನೊಂದು ಸ್ವಲ್ಪ ಓದಿ. ಇದನ್ನು ಬರೆಯಲೋ ಬೇಡವೋ ಎಂದು ನಮ್ಮೊಳಗೇ ಜಗಳವಾಯಿತು. ಬರೆಯಬೇಕು ಎಂದವರು ಗೆದ್ದರು.

2009ರಲ್ಲಿ ಹಿಂದೂಪುರದಿಂದ ಅಬ್ದುಲ್ ಘನಿಯವರು ಶಾಸಕರಾದರು, 2014ರಲ್ಲಿ ಆ ಟಿಕೆಟ್ ಸಿನಿಮಾ ನಟ ಬಾಲಕೃಷ್ಣ ಅವರಿಗೆ ಹೋಯಿತು. 2019ರಲ್ಲಿ ಇನ್ನೊಂದು ಪಕ್ಷದಿಂದ ಮೊಹಮ್ಮದ್ ಇಕ್ಬಾಲ್ ನಿಂತು ಸೋತರು. ಪೊಲೀಸ್ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಆಗ ನಮ್ಮ ಮನೆಗಳಲ್ಲಿ ಏನು ಮಾತಾಡಿದೆವು? "ಅವರು ಬಂದರೆ ಅವರವರಿಗೇ ಮಾಡ್ಕೊಂತಾರೆ." ಬಲಿಪೂಜೆ ಮುಗಿಸಿ ಬಂದು, ಟೀ ಕುಡಿಯುತ್ತಾ ಹೇಳಿದ ಮಾತು ಇದು. ನಮ್ಮ ಅಕ್ಕನ ಬಗ್ಗೆ ಅರಳಿಕಟ್ಟೆಯಲ್ಲಿ ಹೇಳಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ಇಷ್ಟೇ ಅಲ್ಲ. ಅಕ್ಕ ನಿಲ್ಲುತ್ತಾರೆ ಎಂದ ದಿನ, ನಮ್ಮದೇ ಧರ್ಮಕೇಂದ್ರದ ಒಬ್ಬ ಹಿರಿಯರು "ಆ ಕಾಲೊನಿಯವರನ್ನು ಮುಂದೆ ಮಾಡಿದರೆ ನಮಗೆಲ್ಲ ಕೆಟ್ಟ ಹೆಸರು" ಅಂದರು. ಅದೇ ಪೀಠದಿಂದ ಅವರೂ ಪ್ರಸಾದ ತಗೊಳ್ಳುತ್ತಾರೆ, ಅಕ್ಕನೂ ತಗೊಳ್ಳುತ್ತಾರೆ. ಮಾವಾ, ನೀವು ಇದನ್ನು ಓದುತ್ತೀರಿ ಎಂದು ಗೊತ್ತು. ಸಿಟ್ಟಾಗಿ, ಆದರೆ ಬಂದು ನಮ್ಮ ಜೊತೆ ಮಾತಾಡಿ.

ಭಾಷೆಯ ವಿಷಯದಲ್ಲಿ ನಮಗೆ ಇದು ಚೆನ್ನಾಗಿ ಗೊತ್ತಿರಬೇಕಿತ್ತು. ಆಂಧ್ರದಲ್ಲಿ ಕನ್ನಡದವರು ನಾವು, ಜಿಲ್ಲಾ ಆಫೀಸಿನಲ್ಲಿ ತೆಲುಗಿನ ಎರಡು ಮಾತು ಆಡುವಷ್ಟರಲ್ಲಿ ಗಡಿಯವರೆಂದು ಗುರುತಿಸುತ್ತಾರೆ. ಚಳ್ಳಕೆರೆಗೆ ಹೋದರೆ "ಆಂಧ್ರದವರಾ?" ಅಂತಾರೆ. ಪ್ರಧಾನ ಯಾಜಕನ ಅಂಗಳದಲ್ಲಿ ಪೇತ್ರನನ್ನೂ ಹೀಗೇ ಮಾತಿನ ಧಾಟಿಯಿಂದಲೇ ಹಿಡಿದರಲ್ಲ. ನಜರೇತಿನ ಹೆಸರು ಕೇಳಿದ ಕೂಡಲೇ ಅಲ್ಲಿಂದ ಒಳ್ಳೆಯದು ಬರುತ್ತದೆಯೇ ಎಂದು ಅನುಮಾನಿಸಿದ ನತಾನಿಯೇಲನು ಕೆಟ್ಟವನೇನಲ್ಲ. ಎದ್ದು ಹೋಗಿ ನೋಡಿದ, ಅದು ಅವನ ದೊಡ್ಡತನ. ನಾವು ಎದ್ದು ಹೋಗುವುದೇ ಇಲ್ಲ.

ನೆನಪಿರಲಿ, ಜನ ಯಾವಾಗಲೂ ಸಣ್ಣತನ ತೋರಿಸಿಲ್ಲ. ಮಂಗಳೂರಿನ ಕಥೋಲಿಕ ಮನೆಯಲ್ಲಿ ಹುಟ್ಟಿ, ಸೆಮಿನರಿ ಬಿಟ್ಟು ಬಂದ ಜಾರ್ಜ್ ಫರ್ನಾಂಡಿಸ್ 1977ರಲ್ಲಿ ಜೈಲಿನೊಳಗೇ ಇದ್ದರು. ಬಿಹಾರದ ಮುಜಫರ್‌ಪುರದವರು ಅವರನ್ನು ಮೂರು ಲಕ್ಷಕ್ಕೂ ಹೆಚ್ಚು ಓಟುಗಳಿಂದ ಗೆಲ್ಲಿಸಿದರು. ಅವರ ಊರು, ಧರ್ಮ, ತಾಯಿನುಡಿ ಯಾವುದೂ ಅಡ್ಡ ಬರಲಿಲ್ಲ.

ಅಕ್ಕನಿಗೆ ಕ್ರೈಸ್ತರೆಂಬ ಕಾರಣಕ್ಕೆ ಓಟು ಹಾಕಿ ಎಂದು ನಾವು ಕೇಳುತ್ತಿಲ್ಲ. ಕೇಳಿದರೆ ಅರಳಿಕಟ್ಟೆಯ ಮಾತೇ ನಿಜವಾಗುತ್ತದೆ. ಅವರನ್ನು ಪ್ರಶ್ನೆ ಕೇಳಿ, ಗಟ್ಟಿಯಾಗಿಯೇ ಕೇಳಿ: ಕಾಲೊನಿಯ ಟ್ಯಾಂಕಿಗೆ ನೀರು ಯಾವಾಗ, ನರೇಗಾ ಕೂಲಿ ಯಾಕೆ ತಡ, ಬೀದಿ ದೀಪದ ಬಿಲ್ಲು ಎಷ್ಟು. ಅದೇ ಪ್ರಶ್ನೆಗಳನ್ನು ಎದುರು ನಿಲ್ಲುವವರಿಗೂ ಕೇಳಿ. ತೇರಿಗೆ ಬರುತ್ತೀಯಾ ಎಂಬ ಪ್ರಶ್ನೆಗೆ ಅಕ್ಕ ಆವತ್ತೇ ಉತ್ತರ ಕೊಟ್ಟರು: "ಹೋದ ವರ್ಷ ತೇರಿನ ದಿನ ನೀರಿನ ಟ್ಯಾಂಕರ್ ತರಿಸಿದ್ದು ಯಾರು ಅಂತ ಕೇಳ್ನೋಡಣ್ಣ." ಕೇಳಿದವರು ಸುಮ್ಮನಾದರು.

ಬರುವ ಭಾನುವಾರ ಬಲಿಪೂಜೆಯ ನಂತರ ಅದೇ ಬೇವಿನ ಮರದ ಕೆಳಗೆ ಓಟರ್ ಪಟ್ಟಿಯಲ್ಲಿ ಎಲ್ಲರ ಹೆಸರು ನೋಡುತ್ತೇವೆ. ಹದಿನೆಂಟು ತುಂಬಿದವರು ಆಧಾರ್ ಕಾರ್ಡ್, ಒಂದು ಫೋಟೊ ತನ್ನಿ. ದರ್ಗಾ ಬೀದಿಯ ಹುಡುಗರನ್ನೂ ಕರೆದಿದ್ದೇವೆ, ಅವರ ಹೆಸರುಗಳೂ ಪಟ್ಟಿಯಲ್ಲಿ ಬಿಟ್ಟುಹೋಗಿವೆಯಂತೆ. ಟೀ ನಮ್ಮದು.